ಮೊರ ಉಳಿಯಿತು, ಕೇರುವ ಮಾತು?

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮಿ ವಿಲಾಸವನ್ನು 1905ರಲ್ಲಿ ಕಟ್ಟಿಸಿದ್ದು ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ. ಮುಂದೆ ಆ ಅರಮನೆಯಲ್ಲಿ ಜಾಗ ಸಿಕ್ಕಿದ್ದು ನಮ್ಮಂಥವರ ಮನೆಯ ಸಾಮಾನಿಗೆ. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಶುರು ಮಾಡಿತು. ಜೀಶಂಪ, ಪಿ.ಆರ್. ತಿಪ್ಪೇಸ್ವಾಮಿ ಅವರಂಥವರು ಊರೂರು ಅಲೆದು ಕೂಡಿಸಿದ ವಸ್ತುಗಳೂ ಸೇರಿ ಸಂಗ್ರಹ 6,500 ದಾಟಿದೆ.

ಡಿಪ್ಲೊಮಾ ಓದುವಾಗ ನಾವು ಐದು ಮಂದಿ ಅಲ್ಲಿಗೆ ಹೋಗಿದ್ದೆವು. ತೊಗಲುಬೊಂಬೆಗಳ ಮುಂದೆ, ಸೋಮನ ಮುಖಗಳ ಮುಂದೆ ಎಲ್ಲರೂ ಸುಮ್ಮನೆ ನಿಂತೆವು. ಬಿದಿರಿನ ಮೊರ ಕಂಡಾಗ ಮಾತ್ರ ವಾದ ಶುರುವಾಯಿತು. ಮಂಡ್ಯದವನಿಗೆ ಅದು ಮೊರ, ಕೊಪ್ಪಳದವಳಿಗೆ ಮರ, ಕುಂದಾಪುರದವನಿಗೆ ಗೆರ್ಸಿ.

"ಹೆಸರು ಇರ್ಲಿ, ಇದರಾಗ ಏನ್ ಮಾಡ್ತಾರ ಹೇಳ್ರಿ ನೋಡೋಣು" ಎಂದಳು ಕೊಪ್ಪಳದ ಗೆಳತಿ.

"ಕಾಳು ಕ್ಲೀನ್ ಮಾಡ್ತಾರೆ."

ಅವಳು ನಕ್ಕಳು. ಬರಿಗೈಯಲ್ಲೇ ಆಡಿಸಿ ತೋರಿಸಿದಳು. ಕಾಳನ್ನು ಮೇಲಕ್ಕೆ ಚಿಮ್ಮಿಸಿ ಹೊಟ್ಟು ಹಾರಿಸಿದರೆ ಕೇರುವುದು. ಮೊರವನ್ನು ಅಡ್ಡಡ್ಡ ಆಡಿಸಿ ಕಲ್ಲು, ನುಚ್ಚು ಬೇರೆ ಮಾಡಿದರೆ ಒನೆಯುವುದು. ಕಣದಲ್ಲಿ ಗಾಳಿಗೆ ಎತ್ತಿ ಸುರಿದರೆ ತೂರುವುದು. ಮೂರೂ ಕಾಳು ಹಸನು ಮಾಡುವ ಕೆಲಸವೇ. ಆದರೆ ಮೂರರಲ್ಲೂ ಮಣಿಕಟ್ಟು ತಿರುಗುವ ಬಗೆ ಬೇರೆ.

ಗಾಜಿನ ಪೆಟ್ಟಿಗೆಯಲ್ಲಿ ಮೊರವನ್ನು ಇಡಬಹುದು, ಒನೆಯುವುದನ್ನು ಇಡಲಾಗದು. ಅದು ಸಂಗ್ರಹಾಲಯದ ಕೊರತೆಯಲ್ಲ. ವಸ್ತುವಿನ ಹೆಸರು ಚೀಟಿಯಲ್ಲಿ ಉಳಿಯುತ್ತದೆ, ಕೆಲಸದ ಹೆಸರು ಕೆಲಸ ಮಾಡುವವರ ಬಾಯಲ್ಲಿ ಮಾತ್ರ. ಈಗ ಅಕ್ಕಿ, ಬೇಳೆ ಮಿಲ್ಲಿನಿಂದಲೇ ಹಸನಾಗಿ ಬರುತ್ತವೆ. ಎಷ್ಟೋ ಮನೆಗಳಲ್ಲಿ ಮೊರ ಕಾಣುವುದು ಗೌರಿ ಹಬ್ಬದ ಬಾಗಿನದಲ್ಲಷ್ಟೇ. ಅಲ್ಲಿ ಅದು ತುಂಬಿಕೊಡುವ ವಸ್ತು, ಆಡಿಸುವ ವಸ್ತುವಲ್ಲ.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ನಾವು ಜಿಲ್ಲೆಯಿಂದ ಕಳಿಸುವ ಸುದ್ದಿಯಲ್ಲಿ "ಹೆಂಗಸರು ರಾಗಿ ಒನೆಯುತ್ತಿದ್ದರು" ಎಂದಿದ್ದರೆ, ಬೆಳಿಗ್ಗೆ ಪತ್ರಿಕೆಯಲ್ಲಿ "ಮಹಿಳೆಯರು ರಾಗಿ ಸ್ವಚ್ಛಗೊಳಿಸುತ್ತಿದ್ದರು" ಎಂದಾಗಿರುತ್ತದೆ. ಡೆಸ್ಕಿನವರು ಕೇಳಿದರೆ "ಎಲ್ಲ ಜಿಲ್ಲೆಗೂ ಅರ್ಥವಾಗಬೇಕಲ್ಲ" ಎನ್ನುತ್ತಾರೆ. ಆ ಮಾತೂ ಸುಳ್ಳಲ್ಲ. ಆದರೆ ಪತ್ರಿಕೆಯಲ್ಲೂ ಕಾಣದ ಮಾತನ್ನು ಪಕ್ಕದ ಜಿಲ್ಲೆಯವರು ಕಲಿಯುವುದೆಲ್ಲಿ?

ಹಾಗಾಗಿ ನಾವೊಂದು ರೂಢಿ ಮಾಡಿಕೊಂಡಿದ್ದೇವೆ. ಬೆಳೆಹಾನಿ, ಬೆಂಬಲ ಬೆಲೆ ಎಂದು ಯಾವ ಸುದ್ದಿಗೆ ಹಳ್ಳಿಗೆ ಹೋದರೂ, ಕಣದಲ್ಲಿ ಕೂತ ಅಜ್ಜಿಯನ್ನು ಒಂದು ಪ್ರಶ್ನೆ ಹೆಚ್ಚಾಗಿ ಕೇಳುತ್ತೇವೆ: "ಅಜ್ಜಿ, ಈಗ ಮಾಡ್ತಿದ್ದೀರಲ್ಲ, ಇದಕ್ಕೆ ಏನಂತೀರಿ?" ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಊರು, ತಾಲ್ಲೂಕು ಸೇರಿಸಿ ಇಡುತ್ತೇವೆ. ಸುದ್ದಿಯಲ್ಲಿ ಆ ಮಾತು ಬಿದ್ದುಹೋದರೂ ನಮ್ಮ ಬಳಿ ಇರುತ್ತದೆ. ನೀವೂ ಕೇಳಿ ನೋಡಿ, ಎರಡು ನಿಮಿಷದ ಕೆಲಸ.