ಕೀಲಿ ಕೈಯಲ್ಲಿದ್ದರೂ ಓಡುವ ಎಂಜಿನ್

ನಮ್ಮ ಮೂಡಿಗೆರೆ, ಕಳಸದ ಕಡೆ ಸಮತಟ್ಟಾದ ರಸ್ತೆ ಅಪರೂಪ. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ಕಾರಿನ ಎಂಜಿನ್ ಕಾದ ಕಾವಲಿಯಂತಾಗಿರುತ್ತದೆ. ಈಗಿನ ಡೀಸೆಲ್ ಕಾರುಗಳಲ್ಲಿ ಟರ್ಬೊ ಎಂಬ ಭಾಗವಿದೆ. ಎಂಜಿನ್ ಹೊರಬಿಡುವ ಬಿಸಿ ಹೊಗೆಯ ರಭಸಕ್ಕೆ ಅದರ ಚಕ್ರ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಅದರ ವೇಗ ನಿಮಿಷಕ್ಕೆ 1 ಲಕ್ಷ ಸುತ್ತನ್ನೂ ಮೀರುವುದುಂಟು. ಆ ಚಕ್ರದ ಬೇರಿಂಗನ್ನು ಕಾಪಾಡುವುದು ಎಂಜಿನ್ ಆಯಿಲ್. ಏರು ಹತ್ತಿದ ಕೂಡಲೇ ಎಂಜಿನ್ ನಿಲ್ಲಿಸಿದರೆ ಆಯಿಲ್ ಹರಿವೂ ನಿಲ್ಲುತ್ತದೆ. ಅಲ್ಲಿ ಉಳಿದದ್ದು ತಳ ಹಿಡಿದ ಸಾರಿನಂತೆ ಸೀದು ಕರಿ ಕಟ್ಟುತ್ತದೆ.

ಇದನ್ನು ತಪ್ಪಿಸಲೆಂದು ನನ್ನ ಮೈದುನ ನಮ್ಮ ಹಳೆಯ ಆಟೋಮ್ಯಾಟಿಕ್ ಕಾರಿಗೆ ಟರ್ಬೊ ಟೈಮರ್ ಹಾಕಿಸಿದ. ಕೀಲಿ ತೆಗೆದರೂ ಎಂಜಿನ್ನನ್ನು ಒಂದೆರಡು ನಿಮಿಷ ಓಡಿಸಿ, ತಾನಾಗಿಯೇ ನಿಲ್ಲಿಸುವ ಸಣ್ಣ ಪೆಟ್ಟಿಗೆಯದು. ಆದರೆ ಕೀಲಿ ತೆಗೆದೊಡನೆ ಎಂಜಿನ್ ನಿಂತುಬಿಡುತ್ತಿತ್ತು. ಫ್ಯೂಸ್ ನೋಡಿದ್ದಾಯಿತು, ವೈರುಗಳನ್ನು ಬಿಚ್ಚಿ ಜೋಡಿಸಿದ್ದಾಯಿತು. ಒಮ್ಮೊಮ್ಮೆ ಮಾತ್ರ ಸರಿಯಾಗಿ ಓಡುತ್ತಿತ್ತು. ಆ ಒಮ್ಮೊಮ್ಮೆ ಯಾವಾಗ ಎಂದು ನಾನು ಗಮನಿಸತೊಡಗಿದೆ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದ ದಿನಗಳಲ್ಲಿ ಮಾತ್ರ!

ಕಾರಣ ಸರಳವಾಗಿತ್ತು. ಟೈಮರಿನ ಒಂದು ವೈರು ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೆ ಸೇರಿರುತ್ತದೆ. ಬ್ರೇಕ್ ಎಳೆಯದಿದ್ದರೆ ಅದು ಎಂಜಿನ್ನನ್ನು ಓಡಗೊಡುವುದಿಲ್ಲ. ಆಟೋಮ್ಯಾಟಿಕ್ ಕಾರಿನವರು ಗೇರನ್ನು 'ಪಿ'ಗೆ ಹಾಕಿ ಇಳಿದುಬಿಡುತ್ತಾರೆ, ಹ್ಯಾಂಡ್‌ಬ್ರೇಕಿನ ನೆನಪೇ ಇರುವುದಿಲ್ಲ.

ಇದನ್ನು ಕೇಳಿದ ಮೆಕ್ಯಾನಿಕ್ ಸುಲಭದ ದಾರಿ ಹಿಡಿದರು. ಆ ವೈರನ್ನು ಕಾರಿನ ಬಾಡಿಗೇ ಕಟ್ಟಿಬಿಟ್ಟರು. ಬ್ರೇಕ್ ಎಳೆಯದಿದ್ದರೂ ಎಳೆದಿದೆ ಎಂದೇ ಟೈಮರ್ ತಿಳಿಯತೊಡಗಿತು.

"ನೋಡಿ ಭಾಬಿ, ಸರಿಯಾಯಿತು" ಎಂದ ಮೈದುನ.

"ಗೇರ್ ಕದಲುತ್ತದೆಯೇ, ನೋಡು" ಎಂದೆ.

ಎಂಜಿನ್ ಓಡುತ್ತಿತ್ತು, ಕೀಲಿ ನನ್ನ ಕೈಯಲ್ಲಿತ್ತು. ಅವನು ಬ್ರೇಕ್ ಪೆಡಲ್ ಒತ್ತಿ ಗೇರ್ ಎಳೆದ. ಅದು 'ಪಿ'ಯಿಂದ ಜಾರಿ 'ಡಿ'ಗೆ ಬಂತು. ಅವನ ಮುಖ ಬಿಳುಪೇರಿತು. ಅವನ ಐದು ವರ್ಷದ ಮಗನಿಗೆ ಸ್ಟಿಯರಿಂಗ್ ಹಿಡಿದು ಕೂರುವುದೆಂದರೆ ಪ್ರಾಣ. ನಮ್ಮ ಅಂಗಳದ ಕೆಳಗೆ ಇರುವುದು ಕಾಫಿ ತೋಟದ ಕಡಿದಾದ ಇಳಿಜಾರು.

ಆ ವೈರು ತೊಂದರೆಯಲ್ಲ, ಕಾವಲು. ಮರುದಿನವೇ ಅದನ್ನು ಸ್ವಿಚ್ಚಿಗೆ ಮರಳಿ ಜೋಡಿಸಿದೆವು.

ಸಹೋದರಿಯರೇ, ನಿಮ್ಮ ಮನೆಯ ಕಾರಿಗೂ ಇಂಥ ಟೈಮರ್ ಇದ್ದರೆ ಒಮ್ಮೆ ಪರೀಕ್ಷಿಸಿ. ಎಂಜಿನ್ ಟೈಮರಿನಲ್ಲಿ ಓಡುತ್ತಿರುವಾಗ, ಸಮತಟ್ಟಾದ ಜಾಗದಲ್ಲಿ ಬ್ರೇಕ್ ಪೆಡಲ್ ಒತ್ತಿ ಹಿಡಿದೇ ಹ್ಯಾಂಡ್‌ಬ್ರೇಕ್ ಸಡಿಲಿಸಿ. ಎಂಜಿನ್ ತಕ್ಷಣ ನಿಲ್ಲಬೇಕು. ಇಳಿಜಾರಿನಲ್ಲಿ ಬರೀ 'ಪಿ'ಯನ್ನು ನಂಬಬೇಡಿ. ಆಗ ಕಾರಿನ ಭಾರವೆಲ್ಲ ಗೇರ್‌ಬಾಕ್ಸಿನೊಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ಪೆಡಲ್ ಒತ್ತಿಕೊಂಡೇ ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ 'ಪಿ'ಗೆ ಹಾಕಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಲು ಬಿಡಲೇಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಂಜಿನ್ ಓಡುವಾಗ ಮಕ್ಕಳನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬೇಡಿ.

ನಿಜ ಹೇಳಬೇಕೆಂದರೆ, ಮನೆ ಹತ್ತಿರವಾದಾಗ ನಿಧಾನವಾಗಿ ಓಡಿಸಿ, ನಿಲ್ಲಿಸಿದ ಮೇಲೆ ಒಂದು ನಿಮಿಷ ಸೀಟಿನಲ್ಲೇ ಕುಳಿತರೆ ಟರ್ಬೊ ತಣಿಯುತ್ತದೆ. ಆ ಒಂದು ನಿಮಿಷ ಕೂರಲಾರದವರು ಪೆಟ್ಟಿಗೆ ಹಾಕಿಸಿಕೊಳ್ಳಲಿ. ಕಾವಲಿನ ವೈರನ್ನು ಮಾತ್ರ ಕೀಳಿಸದಿರಲಿ.