ದೋಷ ಸಂದೇಶವೂ ಒಂದು ಉತ್ತರ

ದ್ವಿತೀಯ ಪಿಯುಸಿ ಗಣಕ ವಿಜ್ಞಾನದಲ್ಲಿ ಡೇಟಾಬೇಸ್ ಮತ್ತು ಎಸ್‌ಕ್ಯೂಎಲ್ ಪಾಠಗಳಿವೆ. ಇವನ್ನು ಕಪ್ಪುಹಲಗೆಯ ಮೇಲೂ ಕಲಿಸಬಹುದು. ಆದರೆ ತಾನು ಬರೆದ ಆದೇಶಕ್ಕೆ ಯಂತ್ರ ಉತ್ತರಿಸುವುದನ್ನು ವಿದ್ಯಾರ್ಥಿ ಕಾಣದಿದ್ದರೆ, ‘ಸೆಲೆಕ್ಟ್’ ಎಂಬುದು ಬಾಯಿಪಾಠದ ಇನ್ನೊಂದು ಸಾಲಾಗಿ ಉಳಿಯುತ್ತದೆ.

ನನ್ನ ಅಭ್ಯಾಸ ಬೋಧನೆಗೆ ನಿಗದಿಯಾಗಿದ್ದ ಸಂಯುಕ್ತ ಪದವಿಪೂರ್ವ ಕಾಲೇಜಿನಲ್ಲಿ ಆಗಿದ್ದೂ ಅದೇ. ಪ್ರಯೋಗಾಲಯದ ಸರ್ವರ್ ಎಂದರೆ ಉಬುಂಟು ಹಾಕಿದ್ದ ಒಂದು ಹಳೆಯ ಕಂಪ್ಯೂಟರ್. ಅದರಲ್ಲಿ ಮೈಎಸ್‌ಕ್ಯೂಎಲ್ ಅನ್ನೂ, ಅದನ್ನು ಬ್ರೌಸರ್‌ನಿಂದಲೇ ನಿರ್ವಹಿಸಲು ನೆರವಾಗುವ ಪಿಎಚ್‌ಪಿಮೈಅಡ್ಮಿನ್ ಅನ್ನೂ ಹಿಂದೆ ಯಾರೋ ಅಳವಡಿಸಿದ್ದರು. ವಿಳಾಸ ಕೊಟ್ಟರೆ ಬರುತ್ತಿದ್ದುದು ‘404 ನಾಟ್ ಫೌಂಡ್’ ಮಾತ್ರ. “ಅದು ಕೆಟ್ಟಿದೆ ಮೇಡಂ” ಎಂದು ವಿದ್ಯಾರ್ಥಿಗಳು ಮೊದಲ ದಿನವೇ ಹೇಳಿದರು. ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ಫಲಿತಾಂಶದ ಭಾಗವನ್ನು ಹಿಂದಿನ ವರ್ಷದವರ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದರು.

“ಎಲ್ಲ ಅಳಿಸಿ ಮತ್ತೆ ಹಾಕೋಣ” ಎಂಬುದು ಅವರ ಸಲಹೆ. ಹಾಗೆ ಮಾಡಿದರೆ ಸರಿಹೋಗಲೂಬಹುದು, ಆದರೆ ಏನು ಕೆಟ್ಟಿತ್ತೆಂದು ತಿಳಿಯುವುದಿಲ್ಲ. ಮಾರ್ಗದರ್ಶಕ ಉಪನ್ಯಾಸಕರ ಒಪ್ಪಿಗೆ ಪಡೆದು ದುರಸ್ತಿಯನ್ನೇ ಎರಡು ಅವಧಿಗಳ ಪಾಠವಾಗಿಸಿದೆ.

ಹಲಗೆಯ ಮೇಲೆ ಅಪಾಚೆ, ಪಿಎಚ್‌ಪಿ, ಮೈಎಸ್‌ಕ್ಯೂಎಲ್, ಪಿಎಚ್‌ಪಿಮೈಅಡ್ಮಿನ್ ಎಂಬ ನಾಲ್ಕು ಕೊಂಡಿಗಳನ್ನು ಬರೆದು ಕೇಳಿದೆ: “ಈ 404 ಅಂತ ನಮಗೆ ಹೇಳಿದ್ದು ಯಾರು?” ಸ್ವಲ್ಪ ಹೊತ್ತು ಮೌನ. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು, “ಸರ್ವರ್ರೇ ಅಲ್ವಾ ಮೇಡಂ?” ಎಂದಳು. ಹೌದು. ಅಪಾಚೆ ನಿಂತುಹೋಗಿದ್ದರೆ ಸಂಪರ್ಕವೇ ಆಗುತ್ತಿಲ್ಲ ಎಂದು ಬ್ರೌಸರ್ ಹೇಳುತ್ತಿತ್ತು. ‘ಆ ಪುಟ ಇಲ್ಲ’ ಎನ್ನಲು ಅಪಾಚೆ ಎಚ್ಚರವಾಗಿರಬೇಕು. ಮೊದಲ ಕೊಂಡಿಗೆ ಸರಿ ಗುರುತು ಬಿತ್ತು.

ಎರಡು ಸಂಖ್ಯೆಗಳನ್ನು ಕೂಡುವ ಪುಟ್ಟ ಪುಟವೊಂದನ್ನು ಬರೆದು ಪಿಎಚ್‌ಪಿಯನ್ನು ಪರೀಕ್ಷಿಸಿದೆವು, ಉತ್ತರ ಬಂತು. ಮೈಎಸ್‌ಕ್ಯೂಎಲ್‌ನ ಸ್ಥಿತಿ ಕೇಳಿದೆವು, ‘ಆಕ್ಟಿವ್’ ಎಂದಿತು. ಉಳಿದದ್ದು ಒಂದೇ ಜಾಗ: ಪಿಎಚ್‌ಪಿಮೈಅಡ್ಮಿನ್ ಅಪಾಚೆಗೆ ಜೋಡಣೆಯಾಗುವಲ್ಲಿ. ಅಳವಡಿಸುವಾಗ ಯಾವ ವೆಬ್ ಸರ್ವರ್ ಎಂದು ಕೇಳುವ ಪರದೆ ಬರುತ್ತದೆ. ಅಲ್ಲಿ ‘ಅಪಾಚೆ2’ ಮೇಲೆ ಬಣ್ಣವಿರುತ್ತದೆ, ಆದರೆ ಅದು ಆಯ್ಕೆಯಾಗಿರುವುದಿಲ್ಲ. ಸ್ಪೇಸ್ ಕೀಲಿ ಒತ್ತಿ ನಕ್ಷತ್ರದ ಗುರುತು ಮೂಡಿಸಿಯೇ ಎಂಟರ್ ಒತ್ತಬೇಕು. ಇಲ್ಲವಾದರೆ ಅಳವಡಿಕೆ ತಕರಾರಿಲ್ಲದೆ ಮುಗಿಯುತ್ತದೆ, ಅಪಾಚೆಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ. ಅಪಾಚೆಯ ಸಂರಚನಾ ಕಡತಗಳ ಫೋಲ್ಡರ್‌ನಲ್ಲಿ ಪಿಎಚ್‌ಪಿಮೈಅಡ್ಮಿನ್‌ನ ಹೆಸರೇ ಇರಲಿಲ್ಲ. ಆ ಕಡತವನ್ನು ಜೋಡಿಸಿ ಅಪಾಚೆಯನ್ನು ರೀಲೋಡ್ ಮಾಡಿದಾಗ ಲಾಗಿನ್ ಪುಟ ತೆರೆಯಿತು.

‘ರೂಟ್’ ಎಂದು ಲಾಗಿನ್ ಆಗಲು ಹೋದರೆ 1698, ‘ಆಕ್ಸೆಸ್ ಡಿನೈಡ್’. ಈ ಸಲ “ಕೆಟ್ಟಿದೆ” ಎಂದು ಯಾರೂ ಹೇಳಲಿಲ್ಲ. “ಇದನ್ನ ಹೇಳ್ತಿರೋದು ಮೈಎಸ್‌ಕ್ಯೂಎಲ್” ಎಂದ ಒಬ್ಬ. ಅಂದರೆ ನಮ್ಮ ಮಾತು ನಾಲ್ಕೂ ಕೊಂಡಿ ದಾಟಿ ಅಲ್ಲಿಗೆ ಮುಟ್ಟಿತ್ತು. ಉಬುಂಟುವಿನ ಈಚಿನ ಆವೃತ್ತಿಗಳಲ್ಲಿ ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ರೂಟ್‌ನನ್ನು ಪಾಸ್‌ವರ್ಡ್‌ನಿಂದ ಗುರುತಿಸುವುದಿಲ್ಲ. ಯಂತ್ರದಲ್ಲೇ ರೂಟ್ ಆಗಿ ಕೆಲಸ ಮಾಡುತ್ತಿರುವವರನ್ನು ಮಾತ್ರ ಒಳಬಿಡುತ್ತದೆ. ಆ ಕಾವಲನ್ನು ತೆಗೆಯದೆ, ಬೇರೆ ಬಳಕೆದಾರನನ್ನು ‘ಕ್ರಿಯೇಟ್ ಯೂಸರ್’ ಆದೇಶದಿಂದ ಸೃಷ್ಟಿಸಿ, ಅಭ್ಯಾಸದ ಡೇಟಾಬೇಸ್ ಒಂದರ ಮೇಲೆ ಮಾತ್ರ ‘ಗ್ರಾಂಟ್’ ಆದೇಶದಿಂದ ಹಕ್ಕು ಕೊಟ್ಟೆವು.

ಈ ಪಾಠದ ಮುಖ್ಯ ಲಾಭ ನನಗೆ ಕಂಡದ್ದು ಮೌಲ್ಯಮಾಪನದಲ್ಲಿ. ಫೋನ್ ಸಂಖ್ಯೆ ಇಲ್ಲದವರನ್ನು ಹುಡುಕಲು ಒಬ್ಬ ‘ವೇರ್ ಫೋನ್ = ನಲ್’ ಎಂದು ಬರೆದಿದ್ದ. ‘ಈಸ್ ನಲ್’ ಎಂದಿರಬೇಕಿತ್ತು. ಉತ್ತರ ತಪ್ಪು, ಆದರೆ ಯಾವ ಕೋಷ್ಟಕ, ಯಾವ ಅಂಕಣ, ಯಾವ ಷರತ್ತು ಎಂಬುದೆಲ್ಲ ಅವನಿಗೆ ಗೊತ್ತಿದೆ. ‘ನಲ್’ ಎಂಬುದು ಹೋಲಿಸಬಹುದಾದ ಬೆಲೆಯಲ್ಲ ಎಂಬ ಒಂದು ಕೊಂಡಿ ಮಾತ್ರ ಕಳಚಿದೆ. ಇಡೀ ಸಾಲಿಗೆ ಕೆಂಪು ಗೀಟು ಎಳೆಯುವುದು ಎಲ್ಲ ಅಳಿಸಿ ಮತ್ತೆ ಹಾಕಿದಂತೆಯೇ.

ಇಂಥ ಪಾಠಕ್ಕೆ ಒಂದು ಅವಧಿ ಸಾಲದು. ಪಾಠ ಯೋಜನೆಯಲ್ಲಿ ಎರಡು ಅವಧಿ ಕೇಳಿಕೊಳ್ಳಿ. ಪ್ರತಿ ಎರರ್‌ಗೂ ಎರಡು ಪ್ರಶ್ನೆ ಹಲಗೆಯ ಮೇಲಿರಲಿ: ಇದನ್ನು ಹೇಳಿದ್ದು ಯಾರು? ಇದನ್ನು ಹೇಳಲು ಏನೆಲ್ಲ ಸರಿಯಿರಬೇಕು? ಇಂಗ್ಲಿಷ್ ಸಂದೇಶ ಕಂಡೊಡನೆ ಕೈ ಹಿಂದೆಗೆಯುವ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಎರಡು ಪ್ರಶ್ನೆಗಳು ಹಿಡಿದುಕೊಳ್ಳಲು ಒಂದು ಕೋಲು.