ಊರಿಗೊಂದು ರುಚಿ

ಜರ್ಮನಿಯಲ್ಲಿ ವ್ಯಾಸಂಗ ಮಾಡುತ್ತಿರುವ ನಮ್ಮ ಮಗಳಿಂದ ಕಳೆದ ಚಳಿಗಾಲದಲ್ಲಿ ಒಂದು ದೀರ್ಘವಾದ ಪತ್ರ ಬಂದಿತು. ಗೆಳತಿಯರೊಡನೆ ಮೋಟಾರಿನಲ್ಲಿ ಹೊರಟು, ಒಂದೇ ದಿನದಲ್ಲಿ ನಾಲ್ಕು ಊರುಗಳನ್ನು ಕಂಡು, ಒಂದೊಂದು ಊರಿನಲ್ಲಿಯೂ ಅಲ್ಲಲ್ಲಿಯ ತಿನಿಸನ್ನು ಸವಿದ ವೃತ್ತಾಂತವದು. ನಾನು ಅದನ್ನು ಓದಿ ಹೇಳಿದಾಗ, ಅಕ್ಕಿ ಆರಿಸುತ್ತಿದ್ದ ನಮ್ಮ ಅತ್ತೆಯವರು ಮೊರದಿಂದ ಕಣ್ಣೆತ್ತದೆ, “ನಮ್ಮ ಸೀಮೆಯಲ್ಲೇನು ಊರಿಗೊಂದು ರುಚಿ ಇಲ್ಲವೆ, ತಾಯಿ?” ಎಂದರು. ಎಪ್ಪತ್ತೆರಡು ವರ್ಷ ವಯಸ್ಸಾದರೂ ಅವರು ನೋಟ ನೋಡಲೆಂದು ಎಂದೂ ಮನೆ ಬಿಟ್ಟವರಲ್ಲ. ಆ ಮಾತು ನಮ್ಮ ಯಜಮಾನರ ಮನಸ್ಸಿಗೆ ನಾಟಿತು. ಮಾಘಮಾಸದ ಒಂದು ಭಾನುವಾರ ಪ್ರಾತಃಕಾಲದಲ್ಲಿಯೇ ನಾವು ಮೂವರೂ ಮಂಡ್ಯದಿಂದ ಹೊರಟೆವು.

ಮದ್ದೂರು, ಕೊಕ್ಕರೆ ಬೆಳ್ಳೂರು, ಮಳವಳ್ಳಿಯ ಮೇಲೆ ಗಗನಚುಕ್ಕಿ, ಇದು ಯಜಮಾನರು ಹಾಕಿದ ಕ್ರಮ. ಮಳವಳ್ಳಿಯ ಹೆಸರು ಕೇಳಿದೊಡನೆ ಅತ್ತೆಯವರು ಮೌನವಾದುದನ್ನು ನಾನು ಗಮನಿಸಿದೆನು. ಅದರಾಚೆಯ ಒಂದು ಹಳ್ಳಿ ಅವರ ತವರು. ಒಂಬತ್ತು ವರ್ಷಗಳ ಹಿಂದೆ, ಜಮೀನಿನ ಕಾಗದವೊಂದಕ್ಕೆ ರುಜು ಹಾಕುವ ವಿಷಯದಲ್ಲಿ ತಮ್ಮನಿಗೂ ಅವರಿಗೂ ಮಾತು ಬೆಳೆದು, ಅಂದಿನಿಂದ ಅವರು ಆ ಹೊಸ್ತಿಲನ್ನು ತುಳಿದಿರಲಿಲ್ಲ.

2023ರಲ್ಲಿ ತೆರೆದ ಹೊಸ ಹೆದ್ದಾರಿಯು ಮದ್ದೂರಿನ ಪೇಟೆಗೆ ಇಳಿಯದೆಯೇ ಮುಂದೆ ಸಾಗಿಬಿಡುತ್ತದೆ. ನಾವು ಹಳೆಯ ರಸ್ತೆಯನ್ನೇ ಹಿಡಿದು ಹೋಗಿ, ಬಿಸಿಬಿಸಿಯಾದ ವಡೆಯನ್ನು ಕೊಂಡೆವು. ಈ ವಡೆಯು 1917ರಲ್ಲಿ ಅಲ್ಲಿಯ ರೈಲ್ವೆ ನಿಲ್ದಾಣದಲ್ಲಿ ಹುಟ್ಟಿತೆಂದು ಪ್ರತೀತಿ. ರವೆ, ಮೈದಾ, ಅಕ್ಕಿಹಿಟ್ಟುಗಳಿಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವುಗಳನ್ನು ಬೆರೆಸಿ, ಕಾದ ಎಣ್ಣೆಯನ್ನು ಹಾಕಿ ಕಲಸಿ, ತೆಳ್ಳಗೆ ತಟ್ಟಿ ಕರಿಯುತ್ತಾರೆ. ಪ್ರಯಾಣಿಕರ ಗಂಟಿನಲ್ಲಿ ಕೆಡದೆ ಉಳಿಯುವುದು ಅದರ ಗುಣ. ಅತ್ತೆಯವರು ಎರಡು ವಡೆಗಳನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡರು. ಯಾರಿಗೆಂದು ನಾನು ಕೇಳಲಿಲ್ಲ.

ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರಗಳ ನೆತ್ತಿಯ ಮೇಲೆಲ್ಲ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಗೂಡು ಕಟ್ಟಿದ್ದುವು. ಕಾಡಿನಲ್ಲಲ್ಲ, ಮನೆಗಳ ಹಿತ್ತಿಲಿನಲ್ಲಿ! ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುವುದುಂಟು. ಆದರೆ ಆ ಲಾಭಕ್ಕಾಗಿ ಮಾತ್ರ ಗ್ರಾಮಸ್ಥರು ಅವನ್ನು ಕಾಯುತ್ತಿಲ್ಲ. ಅಂಗಳ ಗುಡಿಸುತ್ತಿದ್ದ ಒಬ್ಬ ಮುದುಕಿಯು, “ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದಂಗೆ ಬತ್ತವೆ ಕಣವ್ವ. ಬಂದೋರ್ನ ಹೋಗು ಅನ್ನಕಾದದಾ?” ಎಂದಳು. ಅತ್ತೆಯವರು ಬಹಳ ಹೊತ್ತು ಮರವನ್ನೇ ನೋಡುತ್ತ ನಿಂತಿದ್ದರು.

ಮಳವಳ್ಳಿಯನ್ನು ದಾಟಿದ ಮೇಲೆ ಒಂದು ಕವಲುದಾರಿ ಬಂದಿತು. “ನಮ್ಮೂರಿಗೆ ಇಲ್ಲೇ ಅಲ್ಲವೆ ತಿರುಗುವುದು?” ಎಂದು ಅತ್ತೆಯವರು ಮೆಲ್ಲನೆ ಕೇಳಿದರು. ಯಜಮಾನರು ಮಾತನಾಡದೆ ಗಾಡಿಯನ್ನು ತಿರುಗಿಸಿದರು.

ಜಗುಲಿಯ ಮೇಲೆ ಕುಳಿತಿದ್ದ ತಮ್ಮನವರು ನಮ್ಮನ್ನು ಕಂಡು ಥಟ್ಟನೆ ಎದ್ದರು. ಹೆಗಲಿನ ವಸ್ತ್ರವನ್ನು ತೆಗೆದು ಕೈಗೆ ಸುತ್ತಿಕೊಂಡರು, ಬಿಚ್ಚಿದರು. ಕೊನೆಗೆ, “ಯಾಕಕ್ಕ ಅಲ್ಲೇ ನಿಂತ್ಕಂಡೆ? ಒಳಿಕ್ಕೆ ಬಾ” ಎಂದರು. ಅವರ ಮಡದಿ ಕಾಲಿಗೆ ನೀರು ಕೊಟ್ಟು, ಸಂಕೋಚದಿಂದ, “ಇವತ್ತು ಬರೀ ಉಪ್ಸಾರು ಮಾಡಿವ್ನಿ. ಒಂದು ಗಳಿಗೆ ತಾಳಕ್ಕ, ಪಾಯಸ ಇಡ್ತೀನಿ” ಎಂದಳು.

“ಪಾಯಸ ನೆಂಟರಿಗೆ ಕಣವ್ವ. ನನಗೆ ಉಪ್ಸಾರೇ ಬಡಿಸು” ಎಂದರು ಅತ್ತೆಯವರು.

ಸೊಪ್ಪನ್ನೂ ಕಾಳನ್ನೂ ಉಪ್ಪು ಹಾಕಿ ಬೇಯಿಸಿ ಬಸಿದ ತಿಳಿಯೇ ಉಪ್ಸಾರು. ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಗಳನ್ನು ಅರೆದ ಖಾರವನ್ನು ತಟ್ಟೆಯ ಅಂಚಿನಲ್ಲಿಟ್ಟುಕೊಂಡು, ಬೇಕಾದಷ್ಟನ್ನು ಅದರಲ್ಲಿ ಕದಡಿ, ರಾಗಿಮುದ್ದೆಯೊಡನೆ ಉಣ್ಣುವರು. ಅಕ್ಕ ತಮ್ಮಂದಿರು ಎದುರುಬದುರಾಗಿ ಕುಳಿತು ಉಂಡರು. ಊಟವಾದ ಮೇಲೆ ಅತ್ತೆಯವರು ಚೀಲದಿಂದ ಆ ಎರಡು ವಡೆಗಳನ್ನು ತೆಗೆದು ತಮ್ಮನ ಮುಂದಿಟ್ಟರು. ಜಮೀನಿನ ಮಾತನ್ನು ಯಾರೂ ಎತ್ತಲಿಲ್ಲ. ಅದು ತೀರಿತೆಂದು ನಾನು ಹೇಳಲಾರೆ. ಆದರೆ ಹೊರಡುವಾಗ ಅತ್ತೆಯವರ ಮಡಿಲಿನಲ್ಲಿ ಅರಿಸಿನ ಕುಂಕುಮ, ರವಿಕೆಯ ಕಣ, ಒಂದು ಅಚ್ಚು ಬೆಲ್ಲ ಇದ್ದುವು.

ಗಗನಚುಕ್ಕಿಯನ್ನು ಸೇರುವ ವೇಳೆಗೆ ಬಿಸಿಲು ಇಳಿದಿತ್ತು. ಶಿವನಸಮುದ್ರದ ಈ ನೀರಿನ ಬಲದಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿದದ್ದು, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು. ಬೇಸಗೆ ಸಮೀಪಿಸಿದ್ದುದರಿಂದ ಬಂಡೆಗಳ ನಡುವೆ ಧಾರೆಗಳು ತೆಳುವಾಗಿದ್ದುವು. ನನಗೆ ನಿರಾಶೆಯಾಯಿತು. ಅತ್ತೆಯವರಾದರೋ, “ಮಳೆಗಾಲದಲ್ಲಿ ಇನ್ನೊಮ್ಮೆ ಬಂದರಾಯಿತು. ದಾರಿಯಲ್ಲಿ ಮನೆಯಿದೆಯಲ್ಲ” ಎಂದರು.

ಸೋದರಿಯರೆ, ದೂರದ ದೇಶಗಳನ್ನು ನೋಡಬಾರದೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಮನೆಯ ಹಿರಿಯರು ನೋಡಬೇಕೆಂದು ಬಯಸಿಯೂ ಬಾಯಿಬಿಟ್ಟು ಹೇಳದಿರುವ ಊರು, ನಮ್ಮ ಬಾಗಿಲಿನಿಂದ ಒಂದು ಗಂಟೆಯ ದಾರಿಯಲ್ಲಿಯೇ ಇರಬಹುದು. ಅದನ್ನು ವಿಚಾರಿಸುವುದು ಲೇಸು.

ಮರುದಿನ ಮಗಳಿಗೆ ಉತ್ತರ ಬರೆಯಲು ಕುಳಿತೆನು. ಹಕ್ಕಿಗಳಿಂದ ಆರಂಭಿಸಲೋ, ಜಲಪಾತದಿಂದಲೋ ಎಂದು ಯೋಚಿಸುತ್ತಿರಲು, ಒಳಗಿನಿಂದ ಅತ್ತೆಯವರ ಧ್ವನಿ ಕೇಳಿಸಿತು: “ಉಪ್ಸಾರಿನ ವಿಷಯ ಮೊದಲು ಬರೆ, ತಾಯಿ.”